ಅಪ್ಪನ ಮೇಪಲ್ ಬಿಲ್ಲು

ಪೈನ್ ಹಳ್ಳ, ಉತ್ತರ ಮಿಷಿಗನ್
೨೩ ಅಕ್ಟೋಬರ್ ೧೯೯೪, ಭಾನುವಾರ

ಪ್ರೀತಿಯ ರೇಯ್ನೋ ಅಣ್ಣಾ,

ಹೇಗಿದ್ದೀಯ? ಕೆಮ್ಮು ಹೋಯಿತೆ? ಸರೋವರದ ಮೇಲೆ ಗಾಳಿ ಜೋರಾಗಿದೆ ಅಂತ ರೇಡಿಯೋದಲ್ಲಿ ಹೇಳಿದಾಗೆಲ್ಲ ನೀನು ದುಡಿಯುವ ಅದಿರು ಹಡಗಿನ ಒಳಗಿದ್ದೀಯೋ ಹೊರಗೆ ನಿಂತಿದ್ದೀಯೋ ಅನ್ನುವ ಯೋಚನೆ. ಉಣ್ಣೆಯ ಕಾಲುಚೀಲ ಕಳಿಸಿದ್ದೆ. ಒಂದು ಇನ್ನೊಂದಕ್ಕಿಂತ ದೊಡ್ಡದಿದ್ದರೆ ಬಯ್ಯಬೇಡ, ಅಮ್ಮನ ಹಾಗೆ ಹೆಣೆಯುವುದು ನನಗಿನ್ನೂ ಬಂದಿಲ್ಲ. ನಾನು ಚೆನ್ನಾಗಿದ್ದೇನೆ. ಪದವಿ ಮುಗಿಸಿ ಬಂದವಳು ಊರ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದೇನೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ನನಗೆ ಅದೇ ಹಿತ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಮಿಲ್ಲಿನಲ್ಲಿ ದಿಮ್ಮಿ ಎತ್ತಿ ಎತ್ತಿ ಸವೆದ ಬಲ ಭುಜ ಈಗ ತೀರಾ ಸೋತಿದೆ. ಕಾಫಿ ಪಾತ್ರೆಯನ್ನೂ ಎಡಗೈಯಲ್ಲೇ ಎತ್ತುತ್ತಾನೆ, ನಾನು ನೋಡದ ಹಾಗೆ. ಆದರೂ ಈ ಶರತ್ಕಾಲದಲ್ಲಿ ಕಾಡಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಅಪ್ಪನ ಬೇಟೆ ಹೇಗೆ ಹಿಮ್ಮುಖವಾಗಿ ನಡೆಯಿತು ಅಂತ ನಿನಗೆ ಗೊತ್ತಲ್ಲ. ತಾತನ ಕೋವಿಯಲ್ಲಿ ಶುರು ಮಾಡಿದವನು, ಬಯಲಿನ ಆಚೆ ತುದಿಯಲ್ಲಿ ಬೀಳುವ ಜಿಂಕೆಯ ಮುಖವೇ ಕಾಣುವುದಿಲ್ಲ ಅಂತ ಕೋವಿಯನ್ನು ಮಾರಿ ಚಕ್ರದ ಬಿಲ್ಲು ತಂದ. ಎಳೆದ ಮೇಲೆ ಅರ್ಧ ಭಾರವನ್ನು ಚಕ್ರವೇ ಹೊರುತ್ತದೆ, ಅದೂ ಒಂಥರಾ ಮೋಸವೇ ಅಂತ ಕೆಲವು ವರ್ಷಕ್ಕೆ ಅದನ್ನೂ ಬಿಟ್ಟ. ಆಮೇಲೆ ಅಂಗಡಿಯ ಬಾಗುತುದಿಯ ಬಿಲ್ಲು. ಅಮ್ಮ ಅನ್ನುತ್ತಿದ್ದಳಲ್ಲ, "ವರ್ಷ ವರ್ಷ ನೀನು ಹತ್ತಿರ ಹತ್ತಿರ ಹೋಗ್ತೀಯ, ಮಾಂಸ ಮಾತ್ರ ದೂರ ದೂರ ಹೋಗುತ್ತೆ. ಇನ್ನು ಸ್ವಲ್ಪ ದಿನಕ್ಕೆ ಜಿಂಕೆ ಕಿವಿ ಹಿಡ್ಕೊಂಡು ಮನೆಗೆ ಕರ್ಕೊಂಡು ಬಾ ಮಾರಾಯ, ಕಾಫಿ ಕೊಡೋಣ."

ಅಮ್ಮ ತೀರಿಕೊಂಡ ವರ್ಷವೇ ಬಿರುಗಾಳಿಗೆ ಅವಳ ಮೇಪಲ್ ಮರ ಬಿತ್ತು. ಪ್ರತಿ ಮಾರ್ಚಿನಲ್ಲಿ ಬಕೆಟ್ ಕಟ್ಟಿ ರಸ ಇಳಿಸುತ್ತಿದ್ದಳಲ್ಲ, ಅದೇ ಮರ. ಅಪ್ಪ ಅದನ್ನು ಸೌದೆ ಮಾಡಲು ಬಿಡಲಿಲ್ಲ. ಸೀಳಿ ಒಣಗಿಸಿ, ಎರಡು ಚಳಿಗಾಲ ಕೆತ್ತಿ ಬಿಲ್ಲು ಮಾಡಿದ. ಬಾಳಿಡೀ ಇದಕ್ಕೇ ನಡೆದು ಬಂದವನ ಹಾಗೆ ಅದನ್ನು ಹಿಡಿದುಕೊಳ್ಳುತ್ತಿದ್ದ. ಕಾಡಿನಿಂದ ಬಂದರೆ ಬೂಟು ಬಿಚ್ಚುವುದಕ್ಕೂ ಮೊದಲು ಬಿಲ್ಲಿನ ಹೆದೆ ಇಳಿಸಬೇಕು. ಚಿಕ್ಕಂದಿನಲ್ಲಿ ನಾವು ಮರೆತರೆ ಏನು ಬೈಗುಳ. "ಹೆದೆ ಏರಿಸಿ ಇಟ್ಟ ಮರ ಬಾಗಿದ್ದೇ ಅಭ್ಯಾಸ ಮಾಡ್ಕೊಳ್ಳುತ್ತೆ, ಆಮೇಲೆ ನೆಟ್ಟಗಾಗಲ್ಲ. ನಿಮ್ಮನ್ನ ಹಗಲೂ ರಾತ್ರಿ ಬಗ್ಗಿಸಿ ನಿಲ್ಲಿಸಲಾ?"

ಬಿಲ್ಲು ಸಿದ್ಧವಾಯಿತು, ಭುಜ ಕೈಕೊಟ್ಟಿತು. ಪ್ರತಿ ಆಗಸ್ಟಿನಲ್ಲಿ ಅಪ್ಪ ಗಾಜಿನ ಚೂರಿನಿಂದ ಬಿಲ್ಲಿನ ಒಳಮೈ ಕೆರೆದು ಇಷ್ಟಿಷ್ಟೇ ತೆಳ್ಳಗೆ ಮಾಡುತ್ತಿದ್ದ, ಎಳೆಯಲು ಹಗುರವಾಗಲಿ ಅಂತ. ಪಕ್ಕದ ಮನೆಯ ಓಸ್ಕರ್ ಮಾವ ಬೇಲಿಯಾಚೆಯಿಂದ, "ಇನ್ನೊಂದೆರಡು ವರ್ಷ ಕೆರಿ ಆರ್ವಿಡ್, ಅದನ್ನೇ ಕಮಾನು ಮಾಡ್ಕೊಂಡು ಪಿಟೀಲು ನುಡಿಸಬಹುದು" ಅನ್ನುತ್ತಿದ್ದ. ಅಪ್ಪ ನಗುತ್ತಿದ್ದ. ಈ ವರ್ಷ ಓಸ್ಕರ್ ಮಾವ ಅದನ್ನೇ ಅಂದಾಗ ನಗಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಅಪ್ಪ ಬೇಗನೆ ವಾಪಸು ಬಂದು ಬಾಗಿಲಲ್ಲೇ ನಿಂತ. "ಕೋಟು ಹಾಕ್ಕೋ ಸಿಲ್ವಿ. ನಿನ್ನ ಕಣ್ಣು ಬೇಕು." ಅಷ್ಟೇ ಅಂದದ್ದು. ಕವಲುಗೊಂಬಿನ ಎಳೇ ಗಂಡು ಜಿಂಕೆ, ಬಿದ್ದ ಮರದ ಆಚೆಯೇ ಬಂದು ನಿಂತಿತ್ತಂತೆ, ಉಸಿರಿನ ಹಬೆ ಕಾಣುವಷ್ಟು ಹತ್ತಿರ. ಬಾಣ ಸರಿಯಾದ ಜಾಗಕ್ಕೇ ಹೋಗಿತ್ತು, ಆದರೆ ಆಳಕ್ಕೆ ಇಳಿದಿರಲಿಲ್ಲ.

ಮೇಪಲ್ ಎಲೆಗಳು ಈಗ ತಾವಾಗಿಯೇ ಕೆಂಪು ಚುಕ್ಕೆ ಹೊತ್ತು ಬಿದ್ದಿರುತ್ತವಲ್ಲ, ರಕ್ತ ಯಾವುದು ಎಲೆಯ ಬಣ್ಣ ಯಾವುದು ತಿಳಿಯುವುದಿಲ್ಲ. ಅಪ್ಪ ಮಂಡಿಯೂರಿ ಒಂದೊಂದೇ ಎಲೆಗೆ ಎಂಜಲು ಬೆರಳು ಹಚ್ಚಿ ಉಜ್ಜುತ್ತಾ ಹೋದ. ಬೆರಳಿಗೆ ಕೆಂಪು ಅಂಟಿದಲ್ಲೆಲ್ಲ ನಾನು ಪಕ್ಕದ ಕಡ್ಡಿಗೆ ಬಿಳಿ ಕಾಗದದ ಚೂರು ಸಿಕ್ಕಿಸಿದೆ. ಹಿಂತಿರುಗಿ ನೋಡಿದರೆ ಆ ಚೂರುಗಳ ಸಾಲು ಜಿಂಕೆ ಓಡಿದ ದಾರಿಯನ್ನು ತೋರಿಸುತ್ತಿತ್ತು. ಮೊದಲು ಒತ್ತೊತ್ತಾಗಿ, ಆಮೇಲೆ ದೂರ ದೂರ. ಜೌಗಿನ ಹತ್ತಿರ ಮುರಿದ ಬಾಣ ಸಿಕ್ಕಿತು. ತುದಿಯಲ್ಲಿ ಒಂದು ಬೆರಳುದ್ದ ಮಾತ್ರ ಕೆಂಪು. ಅದನ್ನು ಅಂಗೈಯ ಮೇಲಿಟ್ಟು ನೋಡಿದ. "ಮರ ಜಾಸ್ತಿ ಕೆರೆದುಬಿಟ್ಟೆ." ನನಗಲ್ಲ, ಅಮ್ಮನಿಗೆ ಹೇಳಿದ ಹಾಗಿತ್ತು. ಆಮೇಲೆ ಮಳೆ ಬಂತು. ಮಳೆಯಲ್ಲೂ ಸಂಜೆಯವರೆಗೆ ಹುಡುಕಿದೆವು. ಮರುದಿನವೂ ಹೋದೆವು. ಕಾಗದದ ಚೂರುಗಳೆಲ್ಲ ಕರಗಿ ಕಡ್ಡಿಗೆ ಮೆತ್ತಿಕೊಂಡಿದ್ದವು. ಜಿಂಕೆ ಸಿಗಲಿಲ್ಲ.

ಮನೆಗೆ ಬಂದು ಅಪ್ಪ ವರ್ಷಕ್ಕೆ ಒಂದೇ ಜಿಂಕೆಯ ಬೇಟೆ ಪರವಾನಗಿ ಚೀಟಿ ತೆಗೆದ. ಮುಂದಿನದು ನಿನಗೆ ಗೊತ್ತು, ಅಣ್ಣಾ. ನಿನಗೆ ಹದಿನೈದಾಗಿದ್ದಾಗ ನೀನು ಹೊಡೆದ ಹೆಣ್ಣು ಜಿಂಕೆ ಹಿಮದಲ್ಲಿ ಕಾಣೆಯಾದ ಸಂಜೆ ಇದೇ ಮೇಜಿನ ಮುಂದೆ ಕೂರಿಸಿ, ನಿನ್ನ ಚೀಟಿಯಲ್ಲಿ ಕೊಂದೆ ಅಂತ ಬರೆಸಿ ಸಹಿ ಹಾಕಿಸಿದ್ದ. "ಅವಳು ಎಲ್ಲೋ ಸಾಯ್ತಿದ್ದಾಳೆ. ಸಿಗದಿದ್ದರೂ ಅವಳು ನಿನ್ನ ಲೆಕ್ಕಾನೇ. ಈ ವರ್ಷ ನಿನಗೆ ಬೇಟೆ ಮುಗೀತು." ಆ ವರ್ಷವಲ್ಲ, ನಿನಗೆ ಎಲ್ಲ ವರ್ಷದ್ದೂ ಅಲ್ಲೇ ಮುಗಿಯಿತು. ಆಮೇಲೆ ಹಡಗು. ಈಗ ಸರೋವರ ಹೆಪ್ಪುಗಟ್ಟಿ ಹಡಗುಗಳನ್ನೆಲ್ಲ ನಿಲ್ಲಿಸಿಬಿಡುವ ಚಳಿಗಾಲದಲ್ಲೂ ನೀನು ಮನೆಗೆ ಬರುವುದಿಲ್ಲ.

ಅಪ್ಪ ಕೂರದೆ ನಿಂತೇ ಇದ್ದ. "ರೇಯ್ನೋ ಆವತ್ತು ಯಾವ ಕುರ್ಚಿಲಿ ಕೂತಿದ್ದ?" ಅಂತ ಕೇಳಿದ. ಕಿಟಕಿ ಕಡೆಯದನ್ನು ತೋರಿಸಿದೆ. ಅದರಲ್ಲೇ ಕೂತು, ಕೊಂದೆ ಅಂತ ಬರೆದು ಸಹಿ ಮಾಡಿದ. ಚೀಟಿಯನ್ನು ಪಕ್ಕಕ್ಕೆ ಸರಿಸಿ, "ಹುಡುಗ ಆವತ್ತು ಅಳಲಿಲ್ಲ ಅಲ್ವಾ, ಗಟ್ಟಿ ಜೀವ" ಅಂದ. ನನ್ನ ಬಾಯಿ ಬೇಗ ತೆರೆಯುವುದಿಲ್ಲ ಅಂತ ನಿನಗೆ ಗೊತ್ತು. ಆದರೂ ಹೇಳಿದೆ. ಅಣ್ಣ ಆ ರಾತ್ರಿ ನಮ್ಮ ಸೌನಾ ಹಬೆಕೋಣೆಯ ಒಲೆಯ ಹಿಂದೆ ಕೂತು ಅತ್ತ, ಬಿಸಿಯೆಲ್ಲ ಆರುವವರೆಗೂ ಅತ್ತ, ನಾನು ಬಾಗಿಲ ಸಂದಿಯಿಂದ ನೋಡಿದ್ದೆ ಅಂದೆ. ಅಪ್ಪ ಪೆನ್ನಿನ ಮುಚ್ಚಳ ಹಾಕಲು ನೋಡಿದ. ಅದು ಕೂರಲೇ ಇಲ್ಲ. ನಾನು ತೆಗೆದುಕೊಂಡು ಹಾಕಿಟ್ಟೆ.

ಆಮೇಲೆ ಅವನು ಕಾಡಿನ ಕಡೆ ಹೋಗಿಲ್ಲ. ನಿನ್ನೆ ಶನಿವಾರ ಸೌನಾ ಕಾಯಿಸಿದೆ, ಒಳಗೆ ಹೋದವನು ಒಲೆಯ ಹಿಂದಿನ ಜಾಗ ನೋಡಿ ಹೊರಗೆ ಬಂದುಬಿಟ್ಟ.

ಓಸ್ಕರ್ ಮಾವ ನಿನ್ನನ್ನು ಕೇಳಿದ ಅಂತ ತಿಳಿಸಲು ಹೇಳಿದ್ದಾನೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನೀರಿನ ಮೇಲೆ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಸಿಲ್ವಿ

ಮರೆತಿದ್ದೆ: ಸೋಮವಾರ ಬೆಳಗಾಗಿ ಅಂಚೆ ಗಾಡಿ ಬರುವ ಹೊತ್ತಾಯಿತು, ಗೀಚುತ್ತಿದ್ದೇನೆ. ಜಿಂಕೆ ಕಳೆದುಹೋದ ದಿನದಿಂದ ಬಿಲ್ಲು ಹೆದೆ ಏರಿಸಿದ ಹಾಗೇ ಗೂಟದಲ್ಲಿ ನೇತಾಡುತ್ತಿದೆ. ಇಳಿಸಲು ಹೋದರೆ, "ಬಿಡು, ಅದಕ್ಕಿನ್ನೇನು ಕೆಲಸ" ಅಂದ. ಆಗಲೇ ಆ ಬಿಲ್ಲಿನಲ್ಲಿರುವ ಅಮ್ಮನ ಮರ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತಿದೆ. ಅವನು ಮಲಗಿದ ಮೇಲೆ ಪ್ರಯತ್ನಿಸಿದೆ, ನನ್ನ ಬಲ ಸಾಲದು. ನಿಮ್ಮ ಹಡಗು ಅದಿರು ತುಂಬಲು ಮಾರ್ಕ್ವೆಟ್ ಊರಿನ ಬಂದರಿಗೆ ಬಂದಾಗ ಒಂದು ಸಂಜೆ ಮನೆಗೆ ಬಾ. ಅಪ್ಪನ ಹತ್ತಿರ ಏನೂ ಮಾತಾಡಬೇಕಾಗಿಲ್ಲ. ಆ ಹೆದೆಯನ್ನಷ್ಟೇ ಇಳಿಸಿ ಹೋಗು. ನೀನು ಮುಟ್ಟಿದರೆ ಅವನು ಬೇಡ ಅನ್ನುವುದಿಲ್ಲ.