ಅಪ್ಪನ ಕೈಗೆ ಗೊತ್ತಿರುವ ಅಕ್ಷರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ದೊಡ್ಡಮ್ಮನ ಕಾಲಿನ ಕಟ್ಟು ಬಿಚ್ಚಿ ನೀನು ಅವರ ಮನೆಯಿಂದ ಹೊರಡುವವರೆಗೂ ನಿನಗೇನೂ ಹೇಳಕೂಡದು ಎಂದು ಅಪ್ಪನ ಕಟ್ಟಪ್ಪಣೆ. ನನ್ನಿಂದಾಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತಲ್ಲ, ಸೀನಿದರೂ ಆಚೆ ಕೋಣೆಗೆ ಕೇಳಿಸುತ್ತದೆ. ಮೊದಲು ಕೂತುಕೋ. ಅಪ್ಪನಿಗೆ ಓದಲು ಬರುತ್ತಿಲ್ಲ.

ತಮಾಷೆಯಲ್ಲ, ಅಮ್ಮಾ. ಪ್ರೆಸ್ಸಿನಲ್ಲಿ ಎಲ್ಲರೂ ನೋಡಿ ಮುಗಿಸಿದ ಪ್ರೂಫಿನಲ್ಲೂ ತಪ್ಪು ಹೆಕ್ಕಿ ತೆಗೆಯುವ ನಮ್ಮ ಅಪ್ಪನಿಗೆ!

ಹೋದ ವಾರ ತಲೆನೋವೆಂದು ರಜೆ ಹಾಕಿ ಮನೆಯಲ್ಲಿದ್ದರು. ಎಂದಿನಂತೆ ಕೆಂಪು ಪೆನ್ಸಿಲ್ ಹಿಡಿದು ಪತ್ರಿಕೆಯ ತಪ್ಪುಗಳಿಗೆ ಗುರುತು ಹಾಕುತ್ತಾ ಕೂತಿದ್ದರು. ಆಮೇಲೆ ನೋಡಿದರೆ ಸರಿಯಾದ ಪದಗಳಿಗೆಲ್ಲ ಕೆಂಪು ಸುತ್ತು. ಕನ್ನಡಕ ಬದಲಾಯಿಸಬೇಕೇನೋ ಎಂದು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಎಳೆದುಕೊಂಡು ಹೋದೆ. ದಿನವೂ ಗಿರಾಕಿಗಳನ್ನು ಕೂರಿಸುವ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರ ಯಾವುದು ಎಂದು ಕೇಳಿದೆ. ಮೇಲೆ ತಲೆಕಟ್ಟಿದೆ, ನಡುವೆ ಅಡ್ಡಗೆರೆ, ಕೆಳಗೊಂದು ಸುತ್ತು ಅಂದರು. ಎಲ್ಲವೂ ಕಾಣಿಸುತ್ತಿತ್ತು! ಸರಿ, ಅದು ಯಾವ ಅಕ್ಷರ ಅಂದೆ. "ಗೊತ್ತಾಗ್ತಿಲ್ಲ ಕಣೇ" ಅಂದರು. ನಮ್ಮ ಮಾಲೀಕರು ತಮಾಷೆಯೆಂದು ನಕ್ಕೇಬಿಟ್ಟರು. ನಾನು ಕಾಗದ ಕೊಟ್ಟು, ಏನಾದರೂ ಬರೆಯಿರಿ ಅಂದೆ. ಮುತ್ತಿನಂಥ ಅಕ್ಷರದಲ್ಲಿ ನಮ್ಮ ಮನೆಯ ವಿಳಾಸ ಬರೆದರು. ಅದನ್ನೇ ಓದಿ ಅಂದರೆ, ಕಾಗದವನ್ನು ಅತ್ತ ಇತ್ತ ತಿರುಗಿಸಿ, ಇದು ಯಾರ ಕೈಬರಹ ಎಂದು ನನ್ನನ್ನೇ ಕೇಳಿದರು. ಅಲ್ಲಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮಿದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮಾತು, ಕೈಕಾಲು ಎಲ್ಲ ನೆಟ್ಟಗಿವೆ. ಬರೆಯುವುದು ಉಳಿದಿದೆ, ಓದುವುದು ಹೋಗಿದೆ. ಹೀಗೂ ಉಂಟೇ! ಜೀವಕ್ಕೆ ಭಯವಿಲ್ಲವಂತೆ. ಆದರೆ ಅಕ್ಷರ ಅಕ್ಷರವಾಗಿ ಮತ್ತೆ ಕಲಿಯಬೇಕು, ಎಷ್ಟು ಬರುತ್ತದೋ ಹೇಳಲಾಗದು. ಬರದಿದ್ದರೆ ಪ್ರೆಸ್ಸಿನ ಕೆಲಸವೂ ಇಲ್ಲ.

ಮುಂದಿನದು ನಿನ್ನೊಬ್ಬಳಿಗೇ. ಅವರು ಗೊತ್ತಾಗುತ್ತಿಲ್ಲ ಅಂದಾಗ ನನ್ನ ಎದೆ ಒಡೆದುಹೋಯಿತು. ಆದರೆ ಅದೇ ಕ್ಷಣ ಒಳಗೆಲ್ಲೋ ಸಂತೋಷವೂ ಆಯಿತು, ಅಮ್ಮಾ. ಅನುಭವಿಸಲಿ ಅನ್ನಿಸಿತು. ನನಗೆ ನನ್ನನ್ನೇ ಕಂಡು ಭಯವಾಯಿತು. ತಂಗಿ ಕಥೆಪುಸ್ತಕ ಮುಗಿಸುವಾಗ ನಾನಿನ್ನೂ ಪಾಠದ ಮೊದಲ ಸಾಲಿನಲ್ಲಿ ತಡವರಿಸುತ್ತಿದ್ದೆನಲ್ಲ, ಆಗ ನೆಂಟರ ಮುಂದೆ ನನ್ನ ಕೈಗೆ ಪುಸ್ತಕ ಕೊಟ್ಟು, "ನಮ್ಮನೆ ಗೂಡ್ಸ್ ಗಾಡಿ ಹೊರಡ್ತು, ಎಲ್ರೂ ಊಟ ಮುಗಿಸ್ಕೊಂಡು ಬನ್ನಿ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀನೊಬ್ಬಳೇ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಂದೇ ಸಾಲು ಕಾಣುವಂತೆ ರಟ್ಟಿನಲ್ಲಿ ಕಿಂಡಿ ಕೊರೆದುಕೊಟ್ಟು, ಎಷ್ಟು ಹೊತ್ತಾದರೂ ಆಗಲಿ ಎಂದು ಪಕ್ಕದಲ್ಲಿ ಕೂತೆ. ಹಾಗೆ ನಾನು ಓದುವವಳಾದೆ. ಈಗಲೂ ನಿಧಾನವೇ, ಆದರೆ ಓದಿದ್ದು ಮರೆಯುವುದಿಲ್ಲ.

ಈಗ ಸಂಜೆಯಾದರೆ ಅದೇ ಅಡುಗೆಮನೆಯಲ್ಲಿ ಅಪ್ಪನೂ ನಾನೂ. ಮೊದಲ ದಿನ, ನಿನ್ನ ಹತ್ತಿರ ಕಲಿಯಬೇಕಾ ಎಂದು ಪುಸ್ತಕ ಎಸೆದರು. ಮರುದಿನ ನಾನು ಅವರ ಬೆರಳು ಹಿಡಿದು ಅಕ್ಷರದ ಮೇಲೆ ತಿದ್ದಿಸಿದೆ. ಕಣ್ಣಿಗೆ ಸಿಗದ ಗುರುತು ಕೈಗೆ ಸಿಕ್ಕಿತು! "ಬ!" ಎಂದು ಕೂಗಿಬಿಟ್ಟರು. 'ಬಾಗಿಲು' ಎಂಬ ಒಂದು ಪದ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಗಿತ್ತು. ಅವಸರಪಟ್ಟು ಊಹಿಸುತ್ತಾರೆ, ನಾನು ಗದರುತ್ತೇನೆ. ನಿನ್ನೆ ಮಧ್ಯದಲ್ಲಿ ನಿಲ್ಲಿಸಿ, "ನಿಂಗೆ ದಿನಾ ಹೀಗೇ ಆಗ್ತಿತ್ತಾ?" ಅಂದರು. ಹೌದು ಅಂದೆ. ಎದ್ದು ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ಅಲ್ಲೇ ಇದ್ದರು.

ನೀನು ಗಾಬರಿಯಾಗಿ ಓಡಿಬರಬೇಡ. ದೊಡ್ಡಮ್ಮನನ್ನು ನೋಡಿಕೋ.

ಇತಿ ನಿನ್ನ
ದೊಡ್ಡ ಮಗಳು

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ, ಓದಿ ಹೇಳು ಅಂದರು. ನಿನ್ನೊಬ್ಬಳಿಗೇ ಎಂದು ಬರೆದದ್ದನ್ನು ಬಿಟ್ಟು ಉಳಿದದ್ದೆಲ್ಲ ಓದಿದೆ. ಸದ್ಯ, ಅವರಿಗೆ ಗೊತ್ತಾಗಲಿಲ್ಲ. ಕೆಳಗೆ ತಾವೂ ಏನೋ ಬರೆಯುತ್ತಾರಂತೆ, ನಾನು ನೋಡಕೂಡದಂತೆ.

ಇವಳೇ, ಇದು ನಾನು. ಪ್ರೆಸ್ಸಿನಲ್ಲಿ ಒಬ್ಬರು ಓದುತ್ತಿದ್ದರೆ ಕೇಳಿಕೊಂಡು ಪ್ರೂಫ್ ತಿದ್ದಿದ ಕಿವಿ ನನ್ನದು, ಸಾಲು ಹಾರಿಸಿದರೆ ತಿಳಿಯುತ್ತದೆ. ಎಲ್ಲವನ್ನೂ ನಿಧಾನವಾಗಿ ಓದಿದ ಹುಡುಗಿ ಒಂದು ಕಡೆ ಮಾತ್ರ ಓಡಿದಳು. ಅಲ್ಲಿರುವುದು ನನ್ನ ವಿಷಯವೇ ಇರಬೇಕು. ನಾನು ಬರೆದದ್ದನ್ನು ನಾನು ಓದಲಾರೆ, ತಪ್ಪಿದ್ದರೆ ತಿದ್ದಿಕೋ. ಈ ಪತ್ರವನ್ನು ಮಾತ್ರ ಜೋಪಾನವಾಗಿಡು. ಅವಳು ಬಿಟ್ಟದ್ದನ್ನು ನನಗೆ ಯಾರೂ ಓದಿ ಹೇಳುವುದು ಬೇಡ. ಎಷ್ಟು ಕಾಲವಾದರೂ ಸರಿ, ಅದನ್ನು ನಾನೇ ಓದಬೇಕು.