ಉಪ್ಪು ಹಾಕದ ಪಚಡಿ

ರಾಯಚೂರು,
೧೪ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ಹುಲಿಗೇಶನಿಗೆ ಅಕ್ಕ ಸುನಂದಾ ಮಾಡುವ ಆಶೀರ್ವಾದ.

ನೀನು, ವಿಜಯಶ್ರೀ, ಕೂಸು ಆರಾಮ ಇದ್ದೀರೆಂದು ತಿಳಿದಿದ್ದೇನೆ. ದೇವದುರ್ಗದಲ್ಲಿ ಈ ಸಲ ಚಳಿ ಜೋರು ಅಂತ ಬಸ್ಸಿನವರು ಹೇಳಿದರು; ಕೂಸಿನ ಕಿವಿ ಮುಚ್ಚಿ ಹೊರಗೆ ಬಿಡಿರಿ. ನನ್ನ ಮೊಣಕಾಲು ಹಾಗೇ ಇದೆ, ಕೂತರೆ ಏಳಗೊಡುವುದಿಲ್ಲ, ಎದ್ದರೆ ಕೂಡಗೊಡುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವ ಮೊದಲು ಮನುಷ್ಯ ನಾಲ್ಕು ಸಾಲಾದರೂ ಓದುತ್ತಾನೆ ಎನ್ನುವುದು ನನ್ನ ಲೆಕ್ಕ.

ಮೊದಲು ಖರ್ಚು ಹೇಳಿಬಿಡುತ್ತೇನೆ, ನನ್ನ ಗುಣ ನಿನಗೆ ಗೊತ್ತು. ಅಪ್ಪನಿಗೆ ಲಕ್ವಾ ಹೊಡೆದದ್ದರಲ್ಲಿ ಈತನಕ ಹೋದದ್ದು: ಆತನ ಬಲಗೈ, ಬಲಗಾಲು, ಮಾನ್ವಿ ಮನೆಯ ಎಮ್ಮೆ, ನನ್ನ ಖಾನಾವಳಿಯ ಸಂಜೆಯ ಗಿರಾಕಿಗಳು, ಮತ್ತು ಒಂದನ್ನು ಬಿಟ್ಟು ಆತನ ಎಲ್ಲಾ ಮಾತು. ಮಾನ್ವಿ ಮಾರ್ಕೆಟ್ಟಿನಲ್ಲಿ ಅಪ್ಪ ಸೌತಿಕಾಯಿ ಮಾರುತ್ತಿದ್ದನೇ? ಸೌತಿಕಾಯಿಯ ಪರವಾಗಿ ವಕೀಲಿ ಮಾಡುತ್ತಿದ್ದ. ಅಂಥ ಬಾಯಿಯಲ್ಲಿ ಈಗ ಉಳಿದದ್ದು 'ಪಚಡಿ' ಅನ್ನುವ ಒಂದೇ ಮಾತು. ದವಾಖಾನೆಯಲ್ಲಿ ಮಾತು ಕಲಿಸುವ ಹುಡುಗಿ ಚಿತ್ರ ತೋರಿಸಿದಳು. ಕೋಳಿ ತೋರಿಸಿದರೆ ಪಚಡಿ, ಕೊಡ ತೋರಿಸಿದರೆ ಪಚಡಿ. ಕೊನೆಗೆ ತನ್ನ ಕಡೆಗೇ ಬೆರಳು ಮಾಡಿ, “ನಾನು ಯಾರ್ರಿ ಅಜ್ಜಾರ?” ಅಂದಳು. ಅಪ್ಪ ಬಹಳ ವಿಚಾರ ಮಾಡಿ, ಮರ್ಯಾದೆಯಿಂದ, ಪಚಡಿ ಅಂದ. ಆಕೆಯೂ ನಕ್ಕಳು, ನಾನೂ ನಕ್ಕೆ. ಅಪ್ಪನ ಕಣ್ಣಲ್ಲಿ ನೀರು ಬಂದಾಗ ಇಬ್ಬರೂ ನಿಲ್ಲಿಸಿದೆವು.

ಬೇಡುತ್ತಾನೆ ಅಂದರೆ ಕೊಡಬೇಕಲ್ಲ? ನಮ್ಮ ಮಂದಿಗೆ ತಿಳಿದ ಔಷಧ ಅದೊಂದೇ. ಊರಿಗೆಲ್ಲ ಸುದ್ದಿ ಹೋಯಿತು. ಬಾಜೂ ಮನೆಯ ಹಸೀನಾ ಬೇಗಂ ಉಳ್ಳಾಗಡ್ಡಿ, ಟೊಮೇಟೊ ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿ ಬೋಗುಣಿಯಲ್ಲಿ ತಂದಳು. “ನಾವು ಇದಕ್ಕ ಕಚುಂಬರ್ ಅಂತೀವಿ, ನೀವು ಏನರ ಅನ್ರಿ, ಅಪ್ಪಾರ ಬಾಯಿಗೆ ಹತ್ತಿದರ ಸಾಕು” ಅಂದಳು. ಪೋತ್ನಾಳದಿಂದ ಮಾರೆಮ್ಮತ್ತಿ ಹೆಸರುಬೇಳೆ ನೆನೆಸಿಕೊಂಡು ಬಂದಳು; ನಾನು ಹೆಚ್ಚಿಟ್ಟ ಮೂಲಂಗಿ ನೋಡಿ, “ಜಡ್ಡಿನ ಮನಷ್ಯಾಗ ಹಸಿ ಮೂಲಂಗಿ ಕೊಡ್ತಾರೇನಬೇ? ಕೋಸಂಬ್ರಿ ಮಾಡಿ ಕೊಡು” ಅಂತ ನನ್ನ ಮೇಲೆಯೇ ಹರಿಹಾಯ್ದಳು. ನನ್ನ ಖಾನಾವಳಿಯಲ್ಲಿ ಕಾಲೇಜಿನ ಹುಡುಗರು ಸಲಾಡ್ ಹಾಕ್ರಿ ಅಂತಾರೆ, ಕವಿತಾಳದ ರೈತರು ರೊಟ್ಟಿ ಮುರಿಯುತ್ತ, “ಹಸೇದು ಏನರ ಅದ ಏನವ್ವಾ?” ಅಂತಾರೆ, ನಾನು ಎಲ್ಲರಿಗೂ ಒಂದೇ ಬುಟ್ಟಿಯಿಂದ ಹಾಕುತ್ತೇನೆ. ಹಾಗೇ ಅಪ್ಪನಿಗೂ ಅವರದು, ಇವರದು, ನನ್ನದು, ಎಲ್ಲಾ ಒಂದೊಂದು ಚಮಚ ಹಾಕಿದೆವು. ನುಂಗುವ ಶಕ್ತಿಯೂ ಬಲಗೈಯ ಜೊತೆಗೇ ಹೋಗಿದೆ ಅಂತ ಯಾರಿಗೆ ಗೊತ್ತು? ಬೇಳೆ ಉಸಿರಿನ ದಾರಿ ಹಿಡಿಯಿತು. ಮುಖ ನೀಲಿಯಾಯಿತು. ಡಾಕ್ಟರು ಬದುಕಿಸಿದರು, ಆದರೆ ಕಫ ಎದೆಗೆ ಇಳಿದು ಕೂತಿದೆ. ಈಗ ಮೂಗಿನಲ್ಲಿ ನಳಿಕೆ, ನಳಿಕೆಯಲ್ಲಿ ಗಂಜಿ. “ಮಾತು ಬರೋದಿಲ್ಲ, ಎದಿನೂ ತಿಳಿ ಆಗೋದಿಲ್ಲ, ಮನಿಗೆ ಕರಕೊಂಡು ಹೋಗ್ರಿ” ಅಂದರು. ಕರೆದುಕೊಂಡು ಬಂದೆ. ನನ್ನ ಖಾನಾವಳಿಯ ಹಿಂದಿನ ಖೋಲಿಯಲ್ಲಿ ಮಲಗಿಸಿದ್ದೇನೆ.

ಹೊಟ್ಟೆಗೆ ಬಾಯಿಯ ಹಂಗು ತಪ್ಪಿದ ಮೇಲೂ ಆ ಮಾತು ನಿಲ್ಲಲಿಲ್ಲ. ಹಗಲೆಲ್ಲ ಸುಮ್ಮನಿರುತ್ತಾನೆ, ದೀಪ ಹಚ್ಚುವ ಹೊತ್ತಿಗೆ ಬಾಗಿಲ ಕಡೆ ಕತ್ತು ಹೊರಳಿಸಿ, “ಪಚಡಿ” ಅಂತಾನೆ. ಮೊನ್ನೆ ಮಂಗಳವಾರ ತಡೆಯದೆ, ತಿನ್ನಿಸಲಿಕ್ಕಲ್ಲ, ಬರೀ ಕಣ್ಣಿಗೆ ತೋರಿಸಲಿಕ್ಕೆ ಅಂತ, ಆತನ ಮುಂದೆಯೇ ಈಳಿಗೆ ಇಟ್ಟುಕೊಂಡು ಸೌತಿಕಾಯಿ, ಮೆಂತೆ ತಪ್ಪಲು ಹೆಚ್ಚಿದೆ, ಶೇಂಗಾಪುಡಿ ಉದುರಿಸಿದೆ. ಕಣ್ಣು ಅರಳಿದವು ತಮ್ಮಾ. ಉಪ್ಪಿನ ಡಬ್ಬಿಗೆ ಕೈ ಹಾಕಿದೆ ನೋಡು, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಬಿಟ್ಟ. ಆ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ. ಬಾಗಿಲು ನೋಡಿದ, ನನ್ನನ್ನು ನೋಡಿದ, ಮತ್ತೆ ಬಾಗಿಲು ನೋಡಿದ.

ಆಗ ನೆನಪಾಯಿತು. ಮಾನ್ವಿ ಮನೆಯಲ್ಲಿ ಅಪ್ಪ ಒಲೆ ಮುಟ್ಟಿದವನಲ್ಲ, ಪಚಡಿ ಮಾತ್ರ ಆತನೇ ಕಲಸಬೇಕು. ಹೆಚ್ಚಿದ್ದನ್ನು ಮುಂದಿಟ್ಟುಕೊಂಡು, ಉಪ್ಪಿನ ಡಬ್ಬಿ ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದ. “ಉಪ್ಪು ಬಿದ್ದರ ನೀರು ಬಿಡ್ತದ. ಮನಿಮಂದಿ ಎಲ್ಲಾ ಕುಂದರ್ರಿ ಮೊದಲ.” ರೊಟ್ಟಿ ತಣ್ಣಗಾದರೂ ಬಿಡುತ್ತಿರಲಿಲ್ಲ. ಕಡೆಗೆ ಬರುವವನು ಯಾವಾಗಲೂ ನೀನೇ. “ಅದೇನು ಬಂಗಾರ ಕಾಯ್ದಂಗ ಕಾಯ್ತೀರಿ” ಅಂತ ಅವ್ವ ಗೊಣಗುವಳು, ಅಪ್ಪ ಕಟ್ಟೆಗೆ ಬಂದು, “ಹುಲಿಗ್ಯಾ, ಪಚಡಿ!” ಅಂತ ಕೂಗಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು, ಮುದುಕಪ್ಪನ ಮಗ ಇನ್ನೂ ಮನೆ ಸೇರಿಲ್ಲ ಅಂತ.

ಅವ್ವನ ಆಪರೇಶನ್ನಿಗೆ ಅಂತ ಅಪ್ಪ ನಿನ್ನನ್ನು ಕೇಳದೆ ಮಾರ್ಕೆಟ್ಟಿನ ಅಂಗಡಿ ಜಾಗವನ್ನು ರೊಕ್ಕ ಇಸಕೊಂಡು ಬಾಜೂ ಅಂಗಡಿಯ ಕನಕಪ್ಪನಿಗೆ ಬಿಟ್ಟುಕೊಟ್ಟ. ಕೇಳಬೇಕಿತ್ತು. ಚಿಕ್ಕಂದಿನಿಂದ ಅಲ್ಲಿ ಕೂತವನು ನೀನು. ಅವ್ವನೂ ಉಳಿಯಲಿಲ್ಲ. ಆಕೆಯ ದಿನಕರ್ಮ ಮುಗಿದ ಸಂಜೆ, “ಇನ್ನ ನಿನ್ನ ಮನಿ ಗಂಗಾಳದಾಗ ಕೈ ಇಡಂಗಿಲ್ಲ” ಅಂತ ಆಣೆ ಮಾಡಿ ನೀನು ಎದ್ದು ಹೋದೆ. ಆವತ್ತು ಹೆಚ್ಚಿದ ಪಚಡಿ ಉಪ್ಪು ಕಾಣದೆ ಬಾಡಿ ಹೋಯಿತು. ಅದಾದ ಮೇಲೆ ಅಪ್ಪ ಈಳಿಗೆ ಮುಂದೆ ಕೂತದ್ದನ್ನು ನಾನು ನೋಡಲಿಲ್ಲ.

ನಾನು ವ್ಯಾಪಾರದವಳು, ಆಣೆಯಲ್ಲೂ ಸಂದು ಹುಡುಕುತ್ತೇನೆ. ನಿನ್ನ ಆಣೆ ಉಣ್ಣುವುದಕ್ಕೆ, ಕೂಡುವುದಕ್ಕಲ್ಲ. ಇದು ಆತನ ಮನೆಯೂ ಅಲ್ಲ, ನನ್ನದು. ಬಾ, ಗಂಗಾಳದ ಮುಂದೆ ಸುಮ್ಮನೆ ಕೂಡು. ನಾನು ಉಪ್ಪು ಹಾಕುತ್ತೇನೆ, ಆತ ನೋಡಲಿ. ಆಮೇಲೆ ನೀನು ಎದ್ದು ಹೋಗು, ತಡೆಯುವುದಿಲ್ಲ. ನೀನು ಬರುತ್ತೀ ಅಂತ ನಂಬಿ ಬರೆಯುತ್ತಿಲ್ಲ. ಕೇಳಲಿಲ್ಲ ಅನ್ನುವ ಮಾತು ನಮ್ಮ ಮನೆಯಲ್ಲಿ ಎರಡನೇ ಸಲ ಬರಬಾರದು ಅಂತ ಬರೆಯುತ್ತಿದ್ದೇನೆ.

ವಿಜಯಶ್ರೀಗೆ ಕೇಳಿದೆನೆಂದು ಹೇಳು. ಕೂಸಿಗೆ ಮುತ್ತು.

ನಿನ್ನ ಅಕ್ಕ,
ಸುನಂದಾ

ತಾ.ಕ.: ಬರೆದ ಕಾಗದ ಎರಡು ದಿನ ಇಲ್ಲೇ ಉಳಿಯಿತು. ಡಬ್ಬಿಗೆ ಹಾಕುವ ಮುಂಚೆ ಗಡಿಬಿಡಿಯಲ್ಲಿ ಇಷ್ಟು ಸೇರಿಸುತ್ತೇನೆ. ನಿನ್ನೆ ದೀಪ ಹಚ್ಚಿದಾಗ ಅಪ್ಪ ಬಾಗಿಲ ಕಡೆ ಹೊರಳಿದ, ಬಾಯಿ ತೆರೆದ, ಮಾತು ಬರಲಿಲ್ಲ. ಇವತ್ತು ಹೊರಳಲೂ ಇಲ್ಲ, ಕಣ್ಣು ತೆರೆದಿಲ್ಲ, ಉಸಿರೊಂದು ಆಡುತ್ತಿದೆ. ಇನ್ನು ನೀನು ಬಂದರೂ ಕರೆಯುವವರಿಲ್ಲ, ಉಪ್ಪು ಹಾಕಿದರೂ ಹಿಡಿಯುವ ಕೈ ಇಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು. ಕನಕಪ್ಪನಿಗೆ ಅಂಗಡಿ ಜಾಗ ಸಿಕ್ಕಿತು. ಹಸೀನಾ ಬೇಗಂಗೆ ಅವಳ ಬೋಗುಣಿ ವಾಪಸು ಸಿಕ್ಕಿತು. ಮಾರೆಮ್ಮತ್ತಿಗೆ ಸಾಯುವತನಕ ಅಳಲಿಕ್ಕೆ ಒಂದು ಹಿಡಿ ಹೆಸರುಬೇಳೆ. ನನಗೆ ಉಪ್ಪಿನ ಡಬ್ಬಿ. ಅಪ್ಪನಿಗೆ ಏನೂ ಇಲ್ಲ. ನಿನಗೆ ನಿನ್ನ ಆಣೆ, ಎಲ್ಲೂ ಮುಕ್ಕಾಗದೆ.