ಎಣ್ಣೆ ಬಿಟ್ಟು ಎಳ್ಳು ತಿಂದವಳು

ಕಲಮಾಟಾ
ಏಪ್ರಿಲ್ ೧೦, ೨೦೧೯

ಪ್ರೀತಿಯ ತಂಗಿ ಅರ್ಗಿರೊ,

ಹೇಗಿದ್ದೀಯೆ? ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಿರುವಾಗ ಓದಲು ನನ್ನ ಕಾಗದ ಬೇಕು ಎಂದಿದ್ದೆಯಲ್ಲ. ತಡ ಮಾಡಿದೆ, ಬೈಯಬೇಡ. ಕುಳಿತರೆ ಏಳೋಣ ಅನ್ನಿಸುತ್ತದೆ, ಎದ್ದರೆ ಕಾಲು ಅಡುಗೆಮನೆಗೇ ಹೋಗುತ್ತದೆ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಬಂದೆ.

ನನ್ನ ತೂಕ ಇಳಿಯದೆ ನನ್ನ ಕಿಡ್ನಿ ತೆಗೆದು ನಿನಗೆ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಒಳಗೊಳಗೇ ನಕ್ಕಿದ್ದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಎದುರಿಗೇ ಇತ್ತಲ್ಲ! ಮಾಂಸ, ಮೊಟ್ಟೆ, ಚೀಸು ಏನೂ ಇಲ್ಲ. ವಾರದ ದಿನಗಳಲ್ಲಿ ಎಣ್ಣೆಯೂ ಇಲ್ಲ. ಕಡ್ಡಿಯಂತಾಗುತ್ತೇನೆ ಎಂದುಕೊಂಡೆ. ಒಂದು ದಿನವೂ ತಪ್ಪಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ತೂಗಿದರೆ ತೂಕ ಏರಿದೆ.

"ನಿಮ್ಮ ತಕ್ಕಡಿ ಕೆಟ್ಟಿದೆ" ಎಂದೆ.

ಪಥ್ಯ ಹೇಳುವ ಹುಡುಗಿ ದನಾಯಿ, "ಏನೇನು ತಿಂತೀರಿ, ಹೇಳಿ ಅಮ್ಮಾ" ಎಂದಳು. ಬೆಳಿಗ್ಗೆ ಬ್ರೆಡ್ಡು, ಆಲಿವ್ ಕಾಯಿ, ಮಧ್ಯಾಹ್ನ ಎಳ್ಳು ಅರೆದು ಹಾಕಿದ ಸೂಪು, ಸಂಜೆ ಎಳ್ಳಿನ ಹಲ್ವಾ, ನಡುನಡುವೆ ಒಂದು ಹಿಡಿ ಅಕ್ರೋಟು ಎಂದೆ.

"ಎಣ್ಣೆ ಬಿಟ್ಟೆ ಅಂತೀರಿ. ಎಳ್ಳಲ್ಲಿ, ಆಲಿವ್‌ನಲ್ಲಿ ಇರೋದೇನು ಮತ್ತೆ?"

"ಅದಕ್ಕೆ ಚರ್ಚಿನಲ್ಲಿ ಅಡ್ಡಿ ಇಲ್ಲ ಕಣಮ್ಮ!"

"ಚರ್ಚಿನಲ್ಲಿ ಇಲ್ಲ, ಸೊಂಟದಲ್ಲಿ ಇದೆ. ದಪ್ಪ ತುಂಡು ಹಲ್ವಾದಲ್ಲಿ ಒಂದು ತಟ್ಟೆ ಬೀನ್ಸ್ ಸೂಪಿಗಿಂತ ಹೆಚ್ಚು ಕ್ಯಾಲೊರಿ ಇರುತ್ತೆ. ಮೈ ಖರ್ಚು ಮಾಡದೆ ಉಳಿಸಿದ್ದೆಲ್ಲ ಕೊಬ್ಬಾಗುತ್ತೆ. ಅದಕ್ಕೆ ಉಪವಾಸ ಯಾವುದು, ಹಬ್ಬ ಯಾವುದು ಗೊತ್ತಾಗಲ್ಲ."

ಮನೆಗೆ ಬಂದು ಹೇಳಿದರೆ ನನ್ನ ಗಂಡ ಥೊಡೊರಿಸ್ ಬಿದ್ದು ಬಿದ್ದು ನಕ್ಕ. "ಉಪವಾಸ ಮಾಡಿ ದಪ್ಪಗಾದೋಳು ಈ ಊರಲ್ಲೇ ನೀನೊಬ್ಳೇ ಬಿಡೇ!" ನನಗೆ ಅಳುವೇ ಬಂತು. ಉಳಿದ ಹಲ್ವಾ ಪಕ್ಕದ ಮನೆಗೆ ಹೋಯಿತು. ಈಗ ಬೇಯಿಸಿದ ಸೊಪ್ಪು, ಅಲಸಂದೆ, ಸಂಜೆ ಬಂದರಿನ ತನಕ ನಡಿಗೆ. ಈಸ್ಟರ್ ಕಳೆದ ಮೇಲೆ ಮತ್ತೆ ತೂಗುತ್ತಾರೆ.

ಮರಿಯಮ್ಮ ನಿನ್ನನ್ನು ಕಾಪಾಡಲಿ. ಯಂತ್ರದಿಂದ ಎದ್ದ ಮೇಲೆ ಬೆಚ್ಚಗೆ ಹೊದ್ದುಕೋ.

ನಿನ್ನ ಅಕ್ಕ
ಸ್ತಮಾತಾ

ತಾ.ಕ.: ಫೋನಿನಲ್ಲಿ ಪ್ರತಿ ಸಲವೂ "ನನಗೋಸ್ಕರ ಹೊಟ್ಟೆ ಕಟ್ಬೇಡ ಅಕ್ಕಾ, ತಿನ್ನೇ" ಎನ್ನುತ್ತೀಯಲ್ಲ, ಇನ್ನು ಹಾಗನ್ನಬೇಡ. ತೂಕ ಏರಿದ್ದನ್ನು ನೋಡಿದಾಗ ನನಗೆ ಮೊದಲು ಆದದ್ದು ಸಮಾಧಾನ, ಸದ್ಯ ಕೊಯ್ಯುವುದಿಲ್ಲವಲ್ಲ ಎಂದು. ನನಗೆ ಆ ಚಾಕುವಿನ ಭಯ ಅರ್ಗಿರೊ. ಇನ್ನೊಂದು ಸಲ ನೀನು ತಿನ್ನು ಎಂದರೆ, ನಾನು ತಿಂದುಬಿಡುತ್ತೇನೆ.